ಮಗ್ಗುಲ ಹುಳದ ಮಂಕಾಳಿ

ಮಂಕಾಳಿಯ ಕತೆ ಹೇಳುವವರು ಅವಳಿಂದ ಆಗದು ಎಂದವರನ್ನು ಮೊದಲು ನೆನೆಯಬೇಕು, ಆಮೇಲೆ ಅವಳನ್ನು. ನಮ್ಮ ಕಡೆ ಕ್ರಮವೇ ಹಾಗೆ.

ಅವಳಿಂದ ಆಗದು ಎಂದು ಅತ್ತಿಗೆ ಹೇಳಿದ್ದಳಂತೆ, ಮೊರದಲ್ಲಿ ಅಕ್ಕಿ ಕೇರುತ್ತ. ಊರಗೌಡ ಹೇಳಿದ್ದನಂತೆ, ಎಲೆ ಜಗಿಯುತ್ತ. ಅವರೆಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವಳ ಒಡಹುಟ್ಟಿದ ಅಣ್ಣ ಜಟ್ಟಪ್ಪ. ಅವನು ಏನನ್ನೂ ಜಗಿಯುತ್ತಿರಲಿಲ್ಲ. ಅವನ ನಾಲಿಗೆಗೆ ಬೇರೆ ಕೆಲಸವಿತ್ತು.

ಬಹಳ ಹಿಂದೆ, ಈಗಿನ ಯಾರ ಅಜ್ಜನೂ ಹುಟ್ಟದಿದ್ದ ಕಾಲದಲ್ಲಿ, ಹೊಳೆ ಕಡಲಿಗೆ ಸೇರುವ ಮುಂಚೆ ಕಾಲು ಚಾಚಿ ಮಲಗುವ ಜಾಗದಲ್ಲಿ ಒಂದೂರು ಇತ್ತು. ಆ ಊರಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಬೇಸಿಗೆಯಲ್ಲಿ ಗಜನಿಯಲ್ಲಿ ಕಡಲ ನೀರು ನಿಲ್ಲುತ್ತದೆ. ಮಳೆ ಹಿಡಿದ ಮೇಲೆ ಕಟ್ಟೆಯ ತೂಬಿನ ಹಲಗೆಯನ್ನು ಇಳಿತಕ್ಕೆ ಎತ್ತಿ, ಉಬ್ಬರಕ್ಕೆ ಇಳಿಸುತ್ತಿದ್ದರೆ ಮಳೆಯೇ ಉಪ್ಪನ್ನು ತೊಳೆದು ಹೊಳೆಗೆ ಹಾಕುತ್ತದೆ. ಆಮೇಲೆ ಕಗ್ಗದ ಭತ್ತ ಬಿತ್ತಬೇಕು. ಕಗ್ಗ ಉಪ್ಪು ತಾಳುವ ಭತ್ತ, ನಿಜ. ಆದರೆ ಎಳೆ ಮೊಳಕೆ ಎಷ್ಟೆಂದು ತಾಳೀತು? ಬೇಗ ಬಿತ್ತಿದರೆ ಉಪ್ಪು ಸುಡುತ್ತದೆ, ತಡವಾದರೆ ನೆರೆ ನುಂಗುತ್ತದೆ. ನಡುವಿನ ಆ ದಿನವನ್ನು ಹೇಳಬೇಕಾದವನು ತೂಬು ಕಾಯುವವನು. ಆ ಊರಿನ ತೂಬು ಕಾಯುತ್ತಿದ್ದವನು ಜಟ್ಟಪ್ಪ. ಅವನು ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ “ಇನ್ನು ಮೂರು ದಿನ” ಎಂದರೆ ಮೂರೇ ದಿನ. ಅಪ್ಪನಿಂದ ಬಂದ ನಾಲಿಗೆ, ಅಜ್ಜನಿಂದ ಬಂದ ನಾಲಿಗೆ ಎಂದು ಊರು ಅದಕ್ಕೆ ಕೈ ಮುಗಿಯುತ್ತಿತ್ತಂತೆ.

ಮಂಕಾಳಿ ಗಂಡನ ದೋಣಿ ಮಗುಚಿದ ವರ್ಷ ಈ ಅಣ್ಣನ ಮನೆಗೆ ಬಂದವಳು. ಬಂದ ಮಾರನೆಯ ದಿನವೇ ಬುಟ್ಟಿ ಹಿಡಿದು ಇಳಿತದ ಕೆಸರಿಗೆ ಹೋದಳು. ಚಿಪ್ಪು ಆರಿಸಿ ತನ್ನ ಗಂಜಿ ತಾನೇ ದುಡಿದಳು. ಖಾಲಿ ಚಿಪ್ಪುಗಳನ್ನು ಸುಣ್ಣದ ಗೂಡಿಗೆ ಹೊತ್ತು ಹೋಗುವ ದಾರಿಯಲ್ಲಿ ಒಬ್ಬ ಐಗಳ ಜಗಲಿ ಇತ್ತು. ಅಲ್ಲಿ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಅವಳನ್ನು ಯಾರೂ ಕರೆಯಲಿಲ್ಲ, ಯಾರೂ ಕೂರಿಸಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಬೇಲಿಯಾಚೆ ನಿಂತು ನೋಡಿದಳು. ದಿನಕ್ಕೊಂದು ಅಕ್ಷರ ನೋಡಿ, ಕೆಸರಲ್ಲಿ ಕಾಲ್ಬೆರಳಿನಿಂದ ಬರೆದಳು. ಉಬ್ಬರ ಬಂದು ಅಳಿಸಿತು. ಮತ್ತೆ ಬರೆದಳು. ಒಂದು ಗೀರು ಹೆಚ್ಚಾದರೆ ಅಕ್ಷರವೇ ಬೇರೆ ಎಂಬುದನ್ನು ಅವಳು ಕಲಿತದ್ದು ಹಾಗೆ ಎನ್ನುತ್ತಾರೆ.

ಗೀರು ನೋಡುವುದನ್ನು ಕಲಿತ ಕಣ್ಣು ಸುಮ್ಮನೆ ಕೂರುತ್ತದೆಯೆ? ಅದು ಬುಟ್ಟಿಯ ತಳಕ್ಕೆ ಇಳಿಯಿತು. ಅಲ್ಲಿ ಕೊಳೆತ ಎಲೆಯ ನಡುವೆ ಎಳ್ಳಿಗಿಂತ ತುಸು ದೊಡ್ಡವು, ಉಗುರಿನ ಚೂರಿನ ಹಾಗೆ ಬಾಗಿದವು, ಪುಟ್ಟ ಹುಳಗಳು ಮಗ್ಗುಲಾಗಿ ಮಲಗಿಯೇ ಈಜುತ್ತಿದ್ದವು. ಊರಿಗೆ ಊರೇ ಅವನ್ನು ಸಿಗಡಿ ಮರಿ ಎನ್ನುತ್ತಿತ್ತು. ಮಂಕಾಳಿ ಬಿಳಿ ಚಿಪ್ಪಿನಲ್ಲಿ ನೀರು ಹಾಕಿ, ಅದರಲ್ಲಿ ಒಂದು ಹುಳ ಬಿಟ್ಟಳು. ತೆಂಗಿನ ಗರಿಯ ಕಡ್ಡಿಯನ್ನು ಉಂಗುರದ ಹಾಗೆ ಬಗ್ಗಿಸಿ, ಅದರಲ್ಲಿ ಒಂದು ಹನಿ ನೀರು ಕೂರಿಸಿದಳು. ಆ ಹನಿಯ ಒಳಗಿಂದ ಹುಳ ದೊಡ್ಡದಾಗಿ ಕಂಡಿತು. ಅದರ ಹೊಟ್ಟೆಯಡಿಯ ಚೀಲದಲ್ಲಿ ಸಾಲಾಗಿ ಮೊಟ್ಟೆಗಳಿದ್ದವು.

“ಸಿಗಡಿ ಮರಿ ನೋಡಿ ಎಂತಾ ಮಾಡ್ತ್ಯೆ ತಂಗಿ? ಮದುವೆ ಮಾಡಸ್ತ್ಯಾ?” ಎಂದು ಅಣ್ಣ ನಕ್ಕನಂತೆ.

“ಮರಿಯ ಹೊಟ್ಟೇಲಿ ಮರಿ ಇರ್ತದೇನೊ ಅಣ್ಣ? ಇದು ಮರಿ ಅಲ್ಲ, ತಾಯಿ. ಇದರ ಜಾತಿಯೇ ಬೇರೆ,” ಎಂದಳಂತೆ ಮಂಕಾಳಿ.

ಅಂದಿನಿಂದ ಅವು ಮಗ್ಗುಲ ಹುಳಗಳಾದವು. ಒಂದು ವರ್ಷ ನೋಡಿದಳು, ಎರಡು ವರ್ಷ ನೋಡಿದಳು, ಏಳು ವರ್ಷ ನೋಡಿದಳು ಎನ್ನುತ್ತಾರೆ. ಮುಂಗೈ ಮೈಗಿಂತ ದಪ್ಪವಿದ್ದರೆ ಅದು ದಪ್ಪಗೈಯ. ನೀರು ಉಪ್ಪಾಗಿದ್ದರಷ್ಟೇ ಇರುತ್ತದೆ. ಮೀಸೆ ಮೈಯಷ್ಟೇ ಉದ್ದವಿದ್ದು, ಕೆಸರಲ್ಲಿ ಕೊಳವೆ ಕಟ್ಟಿ ಕೂತರೆ ಅದು ಮೀಸೆಯವ. ಅರೆ ಉಪ್ಪಿನಲ್ಲಿ ಇರುತ್ತದೆ. ಗಂಡು ತನ್ನ ಹೆಣ್ಣನ್ನು ಹೊತ್ತುಕೊಂಡೇ ತಿರುಗಿದರೆ ಅದು ಹೊರೆಗಾರ; ನೀರು ಸಪ್ಪೆಯಾಗದೆ ಅದು ಬರುವುದೇ ಇಲ್ಲ. ತೂಬಿನ ಕಲ್ಲಿನ ಮೇಲೆ ಮೂರಕ್ಕೂ ಮೂರು ಗುರುತು ಗೀರಿ, ಪಕ್ಕದಲ್ಲಿ ಹೆಸರು ಬರೆದಳು. ಬಿಸಿಲಿಗೆ ಹೊಳೆಯುವ ಬಿಳಿ ಚಿಪ್ಪನ್ನೇ ನೋಡಿ ನೋಡಿ ಅವಳ ಬಲಗಣ್ಣು ಮಂಜಾಯಿತು. ಎಡಗಣ್ಣಿನಿಂದ ನೋಡಿದಳು.

“ಬಿತ್ತೋ ದಿನ ನಾನೂ ಹೇಳಬಲ್ಲೆ,” ಎಂದು ಒಮ್ಮೆ ಅವಳು ಹೇಳಿದ್ದಕ್ಕೇ ಆ ಮೂವರು ಆಡಿದ್ದು. ಅತ್ತಿಗೆ ಆಗದು ಎಂದಳು. ಗೌಡ ಆಗದು ಎಂದ. ಅಣ್ಣ, “ಹುಳ ಹೇಳ್ತದೆ ಅಂತ ನಾ ಬಿತ್ತಬೇಕ? ನೀ ಸತ್ತು ಹುಟ್ಟಿ ಬಂದರೂ ಆಗೂದಿಲ್ಲ” ಎಂದ.

ಆಮೇಲೆ ಆ ವರ್ಷ ಬಂತು. ಹಿಂದಿನ ವರ್ಷ ಕಟ್ಟೆ ಒಡೆದು ಬೆಳೆಯೆಲ್ಲ ಹೋಗಿತ್ತು. ಊರಿಗೆಲ್ಲ ಸೇರಿ ಉಳಿದದ್ದು ಹುಲ್ಲಿನಲ್ಲಿ ಕಟ್ಟಿಟ್ಟ ಎಂಟು ಮುಡಿ ಬೀಜ. ಅದು ಸುಟ್ಟರೆ ಮತ್ತೆ ಬಿತ್ತಲು ಕಾಳಿಲ್ಲ, ಉಣ್ಣಲು ಮೊದಲೇ ಇಲ್ಲ. ಮಳೆ ಬಂತು. ಏಳು ಹಗಲು ಏಳು ರಾತ್ರಿ, ಗಾಳಿಯೇ ಇಲ್ಲದ ಮಳೆ. ಎಂಟನೆಯ ಬೆಳಿಗ್ಗೆ ಜಟ್ಟಪ್ಪ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ “ಸಪ್ಪೆ” ಎಂದ. ಮುಡಿ ಬಿಚ್ಚಿ, ನೆನೆಹಾಕಿ ಎಂದ.

ಮಂಕಾಳಿ ಗಜನಿಯ ತಳದ ಕೊಳೆತ ಎಲೆ ತೆಗೆದು ಚಿಪ್ಪಿಗೆ ಹಾಕಿದಳು. ಹೊರೆಗಾರ ಒಂದೂ ಇರಲಿಲ್ಲ. ತುಂಬ ದಪ್ಪಗೈಯರೇ.

ಅವಳು ಕಟ್ಟೆಯ ಮೇಲೆ ನಿಂತು ಹೇಳಿದಳಂತೆ. ಗಾಳಿ ಕದಡದೆ ಮಳೆನೀರು ಮೇಲೆಯೇ ತೇಲಿದೆ, ಉಪ್ಪು ಕೆಳಗೆಯೇ ಕೂತಿದೆ, ನಾಲಿಗೆ ಮೇಲಿನ ನೀರು ಕುಡಿಯುತ್ತದೆ, ಬೀಜ ಕೆಳಗಿನ ನೀರು ಕುಡಿಯುತ್ತದೆ ಎಂದಳಂತೆ. ಜನ ನಕ್ಕರು. ಆಗ ಅವಳು ಉದ್ದದ ಬಿದಿರು ಕೊಳವೆ ತಂದಳು. ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಕೊಳವೆಯನ್ನು ತಳಕ್ಕೆ ಇಳಿಸಿದಳು. ಬೆರಳು ತೆಗೆದಳು. ತಳದ ನೀರು ಒಳಗೆ ನುಗ್ಗಿತು. ಮತ್ತೆ ಬೆರಳು ಒತ್ತಿ ಮೇಲೆತ್ತಿ, ಆ ನೀರನ್ನು ಅಣ್ಣನ ಬೊಗಸೆಗೆ ಸುರಿದಳು.

“ಕುಡಿದು ಹೇಳು ಅಣ್ಣ. ನಿನ್ನ ನಾಲಿಗೆ ಸುಳ್ಳು ಹೇಳೂದಿಲ್ಲ ಅಂತ ನಂಗೆ ಗೊತ್ತು.”

ಊರು ಅವನ ಬಾಯಿ ನೋಡಿತು. ಗೌಡ ನೋಡಿದ, ಅತ್ತಿಗೆ ನೋಡಿದಳು. ಜಟ್ಟಪ್ಪ ಬೊಗಸೆ ಬರಿದಾಗುವವರೆಗೆ ಕುಡಿದ. ಅವನ ಗಂಟಲು ಒಮ್ಮೆ ಸಿಕ್ಕಿಕೊಂಡಿತು. ಒಂಟಿಗಣ್ಣಿನ ಮಂಕಾಳಿ ಅದನ್ನು ಕಂಡಳು, ಉಳಿದ ಯಾರೂ ಕಾಣಲಿಲ್ಲ.

“ಸಪ್ಪೆ,” ಎಂದ ಜಟ್ಟಪ್ಪ.

ಮಂಕಾಳಿ ನೆಟ್ಟಗೆ ಬೀಜದ ಕೊಟ್ಟಿಗೆಗೆ ಹೋಗಿ ಮುಡಿಗಳ ಮೇಲೆ ಕೂತಳು. ಎಳೆದರು, ಏಳಲಿಲ್ಲ. ಬೈದರು, ಏಳಲಿಲ್ಲ. ನಾಲ್ಕು ಮುಡಿ ಹೇಗೋ ಎಳೆದುಕೊಂಡು ಹೋದರು. ಉಳಿದ ನಾಲ್ಕನ್ನು ಅವಳು ಅಪ್ಪಿ ಹಿಡಿದಳು. “ಬಿಡಿ ಅತ್ಲಾಗೆ, ಮೊಟ್ಟೆಯಿಟ್ಟ ಕೋಳಿ ಹಂಗೆ ಕೂತಿದ್ದಾಳೆ, ಕಾವು ಕೊಡಲಿ” ಎಂದು ಗೌಡ ಹೇಳಿದನಂತೆ. ಕಾವು ಕೊಟ್ಟಳು. ದಿನಕ್ಕೊಮ್ಮೆ ಇಳಿತಕ್ಕೆ ಎದ್ದು ಹೋಗಿ ಚಿಪ್ಪು ನೋಡಿ ಬರುವಳು, ಅಷ್ಟು ಹೊತ್ತು ಅತ್ತಿಗೆ ಕೂರುವಳು. ಹೌದು, ಅದೇ ಅತ್ತಿಗೆ.

ಬಿತ್ತಿದ ಒಂಬತ್ತನೆಯ ದಿನ ಜಟ್ಟಪ್ಪ ಬಿತ್ತಿಸಿದ ಗದ್ದೆ ಹಳದಿಯಾಯಿತು. ಹತ್ತನೆಯ ದಿನ ಕಂದಾಯಿತು. ಹನ್ನೊಂದನೆಯ ದಿನ ಪಡುವಣದ ಗಾಳಿ ಎದ್ದು ನೀರೆಲ್ಲ ಕದಡಿತು, ತಳದ ಉಪ್ಪು ಇಳಿತದೊಂದಿಗೆ ತೂಬಿನಿಂದ ಹೊಳೆಗೆ ಹೋಯಿತು. ಮೂರು ದಿನ ಕಳೆದು ಚಿಪ್ಪಿನಲ್ಲಿ ಒಂದು ಹೊರೆಗಾರ ಬಂತು, ತನ್ನ ಹೆಣ್ಣನ್ನು ಅಪ್ಪಿಕೊಂಡು, ಮಗ್ಗುಲಾಗಿ ತೇಲುತ್ತ. ಮಂಕಾಳಿ ಮುಡಿ ಬಿಚ್ಚಿ ತೂಬಿನ ಪಕ್ಕದ ಗದ್ದೆಯಲ್ಲಿ ಬಿತ್ತಿದಳು. ಈ ಸಲ ನಗುವವರು ಯಾರೂ ಇರಲಿಲ್ಲ. ಆ ನಾಲ್ಕು ಮುಡಿಯ ಸಸಿಯಲ್ಲಿ ಅರ್ಧವನ್ನು ಕಿತ್ತು ಸುಟ್ಟ ಗದ್ದೆಗಳಿಗೆ ಹಂಚುವಾಗ, ಮೊದಲು ಅಣ್ಣನ ಗದ್ದೆಯಲ್ಲೇ ನೆಟ್ಟಳಂತೆ. ಆ ವರ್ಷ ಊರು ಗಂಜಿ ಕುಡಿಯಿತು. ಗಂಜಿಯೇ, ಅನ್ನವಲ್ಲ. ಆದರೆ ಯಾರೂ ಸಾಯಲಿಲ್ಲ.

ಕೊಯ್ಲಿನ ದಿನ ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ತೂಬಿನ ಹಲಗೆ ಎತ್ತುವ ಕೋಲು ಒರಗಿತ್ತು. ಜಟ್ಟಪ್ಪ ಇಟ್ಟು ಹೋಗಿದ್ದ. ಅಂದಿನಿಂದ ಸಾಯುವವರೆಗೂ ತಂಗಿಯೊಂದಿಗೆ ಅವನು ಮಾತಾಡಲಿಲ್ಲ. ಕಟ್ಟೆಯ ಮೇಲೆ ಎದುರಾದರೆ ಕೆಸರಿಗೆ ಇಳಿದು ದಾರಿ ಬಿಡುತ್ತಿದ್ದ. ಕೊನೆಗಾಲದಲ್ಲಿ ಅವನು ಅವಳ ಕೈಯಿಂದ ನೀರು ಕುಡಿದು “ಅವತ್ತಿನದು ಉಪ್ಪಾಗಿತ್ತು ತಂಗಿ” ಎಂದ ಎಂದು ಆಚೆ ದಡದವರು ಹೇಳುತ್ತಾರೆ. ಅದು ಕತೆ ಚಂದವಾಗಲಿ ಎಂದು ಸೇರಿಸಿದ್ದು. ನಮ್ಮ ದಡದಲ್ಲಿ ಸೇರಿಸುವುದಿಲ್ಲ. ಅವಳು ನೀರು ಹಿಡಿದು ಕೂತಿದ್ದಳು, ಅವನು ಗೋಡೆಯ ಕಡೆ ಮಗ್ಗುಲಾದ. ಅಷ್ಟೇ.

ಈಗಲೂ ಗಜನಿ ಬಿತ್ತುವ ಮುಂಚೆ ಊರಿನ ಹಿರಿಯ ಹೆಂಗಸು ಬಿದಿರು ಕೊಳವೆಯಿಂದ ತಳದ ನೀರೆತ್ತುತ್ತಾಳೆ, ಬಿಳಿ ಚಿಪ್ಪಿನಲ್ಲಿ ಹೊರೆಗಾರನನ್ನು ಹುಡುಕುತ್ತಾಳೆ. ಜಟ್ಟಪ್ಪನ ಮನೆಯ ಗಂಡಸೊಬ್ಬ ಆ ನೀರು ಕುಡಿದು, ಉಪ್ಪಾಗಿದ್ದರೆ “ಉಪ್ಪು” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಬೇಕು. ಆ ಮಾತಿಗೆ ಇಂದಿಗೂ ಯಾರೂ ನಗುವುದಿಲ್ಲ. ಹಾಗೆ ಕೂಗಿದವನಿಗೆ ಮೊದಲ ಹಿಡಿ ಬೀಜ ಚೆಲ್ಲುವ ಮರ್ಯಾದೆ.

ತೂಬಿನ ಪಕ್ಕದ ಉದ್ದನೆಯ ಗದ್ದೆಗೆ ಇವತ್ತಿಗೂ ಮಂಕಾಳಿ ಪಟ್ಟಿ ಎಂದೇ ಹೆಸರು. ಅದು ಅವಳದು. ತೂಬಿನ ಕೋಲು ಅವಳದು. ಕಲ್ಲಿನ ಮೇಲಿನ ಮೂರು ಗುರುತು, ಮೂರು ಹೆಸರು ಅವಳವು. ಅದಕ್ಕೆ ಅವಳು ಕೊಟ್ಟದ್ದು ಬಲಗಣ್ಣು, ಮತ್ತು ಅಣ್ಣನ ಬಾಯಿಂದ “ತಂಗಿ” ಎಂಬ ಕರೆ.

ಕಣ್ಣು ಹೋದದ್ದಕ್ಕೆ ಅವಳು ಒಮ್ಮೆಯೂ ಮರುಗಲಿಲ್ಲವಂತೆ.