ಜೋರ್ಡನ್ ನದಿಯಲ್ಲೊಂದು ಶಿಲುಬೆ

ಹಳ್ಳಿಯ ವೃದ್ಧ ಸಂನ್ಯಾಸಿ ಪೂಜ್ಯ ಬರ್ಸಬಾ ಅವರು ದೇವಾಲಯದ ಹಿಂದೆ ನೆಲದ ಮೇಲೆ ಕುಳಿತು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಾಗ ಒಳಗಿನಿಂದ ಗದರುವ ದನಿ ಕೇಳಿಸಿತು.

"ಕೆರೆದು ಹಾಕು. ಈಗಲೇ."

ದನಿ ಉಪಯಾಜಕ ಲಿಯೊಂತಿಯುಸರದು. ಧರ್ಮಾಧ್ಯಕ್ಷರು ಅವರನ್ನು ಅಂತಿಯೋಕ್ಯದಿಂದ ಕಳಿಸಿದ್ದರು. ಗುಡ್ಡದ ಮೇಲಿನ ಆ ಬಡ ಹಳ್ಳಿಯಲ್ಲಿ ಕ್ರೈಸ್ತರಾಗುವವರನ್ನು ಮುಳುಗಿಸಲು ಹೊಸದಾಗಿ ದೀಕ್ಷಾಸ್ನಾನದ ಕೊಳ ಕಟ್ಟಿದ್ದರು. ಲಿಯೊಂತಿಯುಸರು ಅದನ್ನು ನೋಡಿ ಒಪ್ಪಿಗೆ ಕೊಡಬೇಕಿತ್ತು. ಯೇಸುಸ್ವಾಮಿ ಪುನರುತ್ಥಾನರಾದ ಪಾಸ್ಕ ಹಬ್ಬಕ್ಕೆ ಐದು ದಿನ ಉಳಿದಿತ್ತು.

ಕೊಳದ ಹಿಂದಿನ ಗೋಡೆಗೆ ಚಿತ್ರ ಬರೆದವನು ಓಬೋದ. ಅರವತ್ತು ದಾಟಿದವನು, ಒಂದು ಕಾಲು ಕುಂಟು. ಜನ್ಮವಿಡೀ ಹೆಂಡದಂಗಡಿಯ ಗೋಡೆಗಳಿಗೆ ದ್ರಾಕ್ಷಿಗೊಂಚಲು, ಬಾತುಕೋಳಿ ಬರೆದಿದ್ದ. ಈಗ ಯೇಸುಸ್ವಾಮಿಯ ದೀಕ್ಷಾಸ್ನಾನವನ್ನು ಆಳೆತ್ತರಕ್ಕೆ ಬರೆದಿದ್ದ. ಹಬ್ಬದ ದಿನ ಅದೇ ಕೊಳದಲ್ಲಿ ತಾನೂ ದೀಕ್ಷಾಸ್ನಾನ ಪಡೆಯಲಿದ್ದ; ಅದಕ್ಕಾಗಿ ಮೂರು ವರ್ಷದಿಂದ ಪಾಠ ಕೇಳುತ್ತಾ ಕಾದಿದ್ದ.

ಚಿತ್ರದಲ್ಲಿ ಯೇಸುಸ್ವಾಮಿ ನೀರಿನಲ್ಲಿದ್ದರು. ಅವರಿಗೆ ದೀಕ್ಷಾಸ್ನಾನ ಕೊಡುವ ಸ್ನಾನಿಕ ಯೊವಾನ್ನರು ದಡದಲ್ಲಿದ್ದರು. ನದಿಯ ನಡುವೆ ಕಂಬದ ಮೇಲೊಂದು ಶಿಲುಬೆ ನಿಂತಿತ್ತು.

"ಸ್ವಾಮಿ ಶಿಲುಬೆಗೇರಿದ್ದು ಇದೆಲ್ಲ ಆಗಿ ವರ್ಷಗಳ ಮೇಲೆ," ಎಂದರು ಲಿಯೊಂತಿಯುಸರು. "ಅಷ್ಟೂ ತಿಳಿಯದವನಿಗೆ ದೀಕ್ಷಾಸ್ನಾನವೇ? ಇನ್ನೊಂದು ವರ್ಷ ಪಾಠ ಕೇಳು. ಬಾತುಕೋಳಿ ಬರೆದುಕೊಂಡೇ ಇರಬಾರದಿತ್ತೇ?"

"ಬಾತುಕೋಳಿಯಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ, ಗುರುಗಳೇ," ಎಂದ ಓಬೋದ. ಆಮೇಲೆ ಮೆಲ್ಲಗೆ, "ಇನ್ನೊಂದು ವರ್ಷ ನಾನಿರುತ್ತೇನೋ ಇಲ್ಲವೋ."

ಅವನು ಜೇಬಿನಂತೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಅಂಗೈಯಗಲದ ತವರದ ಕುಪ್ಪಿಯೊಂದನ್ನು ತೆಗೆದ. ಯಾತ್ರಿಕರು ಪುಣ್ಯಕ್ಷೇತ್ರಗಳಿಂದ ಎಣ್ಣೆ ತುಂಬಿ ತರುವಂಥದು. ಅದರ ಮೇಲೂ ಇದೇ ಚಿತ್ರ ಅಚ್ಚೊತ್ತಿತ್ತು. ನದಿಯಲ್ಲಿ ಶಿಲುಬೆಯೂ ಇತ್ತು.

"ಕುಪ್ಪಿ ಮಾಡಿದವನೂ ನಿನ್ನಂಥವನೇ," ಎಂದರು ಉಪಯಾಜಕರು.

ಅಷ್ಟರಲ್ಲಿ ಪೂಜ್ಯರು ಮೊರ ಹಿಡಿದುಕೊಂಡೇ ಒಳಗೆ ಬಂದರು. ಆ ಹಳ್ಳಿಯಲ್ಲಿ ಜೋರ್ಡನ್ ನದಿಯನ್ನು ಕಂಡಿದ್ದವರು ಅವರೊಬ್ಬರೇ. ಗೋಡೆಯನ್ನು ಬಹಳ ಹೊತ್ತು ನೋಡಿದರು.

"ತಪ್ಪಿದೆ," ಎಂದರು.

ಓಬೋದ ತಲೆ ತಗ್ಗಿಸಿದ.

"ನೀರು ಸಾಲದು. ನಾನು ಇಳಿದಾಗ ಎದೆಮಟ್ಟ ಇತ್ತು."

"ಮತ್ತೆ ಶಿಲುಬೆ?" ಎಂದು ಲಿಯೊಂತಿಯುಸರು ಕೇಳಿದರು.

"ಇತ್ತು. ಸ್ವಾಮಿ ಇಳಿದ ಜಾಗವೆಂದು ಭಕ್ತರು ನಿಲ್ಲಿಸಿದ್ದು. ಸೆಳವು ಜೋರು. ಕಂಬ ಹಿಡಿದುಕೊಂಡೇ ನಾನು ಮುಳುಗು ಹಾಕಿದ್ದು."

"ಯೇಸುಸ್ವಾಮಿ ಇಳಿದಾಗ ಇರಲಿಲ್ಲವಲ್ಲ, ಪೂಜ್ಯರೇ!"

"ಆಗ ನಾನೂ ಇರಲಿಲ್ಲ ಮಗೂ, ನೀನೂ ಇರಲಿಲ್ಲ. ನಾವು ಇಳಿಯುವಾಗ ಇದೆ."

ಲಿಯೊಂತಿಯುಸರು ಚಿತ್ರದ ಹತ್ತಿರ ಹೋದರು. ಶಿಲುಬೆಯ ಕಂಬಕ್ಕೆ ಕೈಯಿಟ್ಟರು. ಬೇರೆಯೇ ದನಿಯಲ್ಲಿ ಕೇಳಿದರು:

"ನೀರು ತಣ್ಣಗಿತ್ತೇ?"

"ಹಲ್ಲು ಕಟಕಟ," ಎಂದು ಪೂಜ್ಯರು ನಕ್ಕರು. ಉಪಯಾಜಕರಿಗೂ ನಗು ಬಂತು. ಓಬೋದ ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕ.

"ಎದೆಮಟ್ಟ ಅಂದರೆ ಎಲ್ಲಿಗೆ? ಗುರುತು ಹಾಕಿಕೋ," ಎಂದು ಓಬೋದನಿಗೆ ಹೇಳಿ ಲಿಯೊಂತಿಯುಸರು ತಾವೇ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅವರ ಬಿಳಿ ನಿಲುವಂಗಿಗೆ ನೀಲಿ ಬಣ್ಣ ಮೆತ್ತಿತು. ಬೇಡವೆನ್ನಲಿಲ್ಲ.

ಪಾಸ್ಕ ಹಬ್ಬದ ಬೆಳಿಗ್ಗೆ ಓಬೋದ ದೀಕ್ಷಾಸ್ನಾನ ಪಡೆದ. ಕೈಹಿಡಿದು ಅವನನ್ನು ಕೊಳಕ್ಕಿಳಿಸಿದವರು ಲಿಯೊಂತಿಯುಸರು.