ಅತ್ತೆಯ ಬಾಯಿ, ಸೊಸೆಯ ಕಿವಿ

"ಅಯ್ಯನವರೇ, ದೇವರು ಒಬ್ಬನಿಗೆ ಒಂದು ವರ ಕೊಟ್ಟಿದ್ದಾನೆ ಎಂದುಕೊಳ್ಳಿ. ಅವನು ಅದನ್ನು ಸಭೆಯ ಮುಂದೆ ತೋರಿಸದೆ ತನ್ನಲ್ಲೇ ಇಟ್ಟುಕೊಂಡರೆ ತಪ್ಪೇನು? ಅದು ವಿನಯವಲ್ಲವೇ?" ಎಂದು ಹನೋಕ ಕೇಳಿದ.

ಹನೋಕ ಉಪದೇಶಿಯಾಗಲು ಕಲಿಯುತ್ತಿದ್ದವನು. ಜ್ಞಾನಮಿತ್ರ ಅಯ್ಯನವರು ಅವನ ಗುರು; ಹಲವು ಊರುಗಳ ಸಭೆಗಳನ್ನು ನಡೆಸಿ ಈಗ ಕಲಿಸುವುದಕ್ಕೆ ಕೂತವರು. ಅವರು ಪ್ರಶ್ನೆ ಕೇಳಿದವನ ಮುಖ ನೋಡಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಸಣ್ಣ ಸಭೆ ಇತ್ತು. ನೇಯುವವರು, ಕೂಲಿಗೆ ಹೋಗುವವರು, ನಾಲ್ಕಾರು ಒಕ್ಕಲು ಮನೆಯವರು ಸೇರಿದ ಸಭೆ. ಅಲ್ಲಿ ದೀನಮ್ಮ ಎಂಬ ಹೆಂಗಸಿಗೆ ಅನ್ಯಭಾಷೆಯ ವರ ಬಂತು. ಭಾನುವಾರದ ಪ್ರಾರ್ಥನೆಯಲ್ಲಿ ಎಲ್ಲರೂ ತಲೆ ತಗ್ಗಿಸಿದಾಗ ಅವಳ ಬಾಯಿಂದ ಯಾರೂ ಕೇಳರಿಯದ ಮಾತು ಹೊರಡುತ್ತಿತ್ತು. ಅದು ಕನ್ನಡವಲ್ಲ, ಮರಾಠಿಯಲ್ಲ, ಉರ್ದುವಲ್ಲ. ದನಿಯೂ ಅವಳದಲ್ಲ. ಮನೆಯಲ್ಲಿ ದೀನಮ್ಮ ಬಾಯಿ ತೆಗೆದರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಈ ಮಾತು ಮಾತ್ರ ತೀರ ಮೆಲ್ಲಗೆ, ಬೇರೆ ಯಾರೋ ಅವಳ ಹಿಂದೆ ಕೂತು ಆಡಿದಂತೆ ಬರುತ್ತಿತ್ತು. ಮುಗಿದ ಮೇಲೆ ತಾನು ಏನು ಆಡಿದೆನೆಂಬುದು ಅವಳಿಗೇ ತಿಳಿಯುತ್ತಿರಲಿಲ್ಲ.

ಊರು ಬೆರಗಾಯಿತು. ಸುತ್ತಲಿನ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ದೀನಮ್ಮನಿಗೆ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದರು. ಹಸುಗೂಸುಗಳನ್ನು ತಂದು ಅವುಗಳ ತಲೆಯ ಮೇಲೆ ಅವಳ ಕೈ ಇಡಿಸಿಕೊಂಡರು. ಆ ಸಭೆಯ ಪಾಲಕರು, ಅನ್ಯಭಾಷೆ ಆಡುವವರಿದ್ದರೆ ಅದರ ಅರ್ಥ ಹೇಳುವವರೂ ಇರಬೇಕು, ಅದಕ್ಕಾಗಿ ಬೇಡಿಕೊಳ್ಳಿ ಎಂದು ಒಂದೆರಡು ಸಲ ಹೇಳಿ ನೋಡಿದರು. ಜನ ಆಮೆನ್ ಎಂದರು, ಬೇಡಿಕೊಳ್ಳಲಿಲ್ಲ. ಅವರಿಗೆ ಅರ್ಥ ಬೇಕಾಗಿರಲಿಲ್ಲ. ಅರ್ಥವಾಗದಿದ್ದರೇ ಮೈ ಜುಮ್ಮೆನ್ನುವುದು. ನಮ್ಮ ಜನ ಹಾಗೆಯೇ.

ಬೇಡದಿದ್ದರೂ ಅರ್ಥ ಹೇಳುವ ವರ ಬಂತು. ಅದು ಬಂದದ್ದು ದೀನಮ್ಮನ ಸೊಸೆ ಸಲೋಮಿಗೆ.

ಸಲೋಮಿಯ ಗಂಡ ಸೀಲ ಒಳ್ಳೆಯವನು. ತಾಯಿಯ ಮಾತು ಮೀರದವನು, ಹೆಂಡತಿಯ ಮನಸ್ಸು ನೋಯಿಸದವನು, ಹೀಗಾಗಿ ಇಬ್ಬರ ನಡುವೆ ಸಿಕ್ಕಿ ಬಾಯಿ ಮುಚ್ಚಿಕೊಂಡಿರುವವನು. ಆ ಮನೆಯಲ್ಲಿ ಸಲೋಮಿಯ ಜೀವ ಹಿಡಿದು ನಿಂತಿದ್ದುದು ಅವನಿಂದಲೇ. ದೀನಮ್ಮ ಕೆಟ್ಟವಳೆಂದಲ್ಲ, ಸೊಸೆ ಮಾಡಿದ್ದು ಯಾವುದೂ ಅವಳಿಗೆ ಸರಿಬರುತ್ತಿರಲಿಲ್ಲ, ಅಷ್ಟೆ. ಒಂದು ಭಾನುವಾರ ಬೆಳಿಗ್ಗೆ ಸಲೋಮಿಯ ತವರಿನವರ ಎದುರಿಗೇ ಅವಳು ಮಾಡಿದ ಸಾರಿಗೆ ಅತ್ತೆ ಮೂಗು ಮುರಿದು, ಪಾತ್ರೆಯನ್ನು ಎತ್ತಿ ಬಚ್ಚಲಿಗೆ ಸುರಿದಳು. ಸಲೋಮಿ ಮುಖ ಊದಿಸಿಕೊಂಡೇ ಚರ್ಚಿಗೆ ಬಂದು ಹೆಂಗಸರ ಕೊನೆಯ ಸಾಲಿನಲ್ಲಿ ಕೂತಳು.

ಅತ್ತೆಯ ಬಾಯಿಂದ ಮಾತು ಹೊರಟಿತು. ಇದ್ದಕ್ಕಿದ್ದಂತೆ ಸಲೋಮಿಗೆ ಅದು ತಿಳಿಯಿತು. ಶಬ್ದ ಬದಲಾಗಲಿಲ್ಲ, ಅದೇ ಗೊತ್ತಿಲ್ಲದ ಶಬ್ದ. ಆದರೂ ತಾಯಿ ಊಟಕ್ಕೆ ಕರೆದಷ್ಟು ಸಲೀಸಾಗಿ ತಿಳಿಯಿತು. ಬಾಗಿಲ ಬಳಿ ಕೂತ ಮುದುಕನ ಮಗ ಇಂದು ಮನೆಗೆ ಬರುತ್ತಾನೆ ಎಂದಿತು ಆ ದನಿ. ಆ ಮಗ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು, ಮುದುಕ ಅವನ ಆಸೆ ಬಿಟ್ಟಿದ್ದ. ಸಂಜೆಗೆ ಮಗ ಬಂದ.

ಹೇಳಬೇಕೆಂದು ಸಲೋಮಿಗೆ ಗೊತ್ತಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಅತ್ತೆ ಆಡಬೇಕು, ತಾನು ಹಿಂದೆ ನಿಂತು ಅದನ್ನು ಊರಿಗೆ ಸಾರಬೇಕು. ಮನೆಯಲ್ಲಿ ಚಾಕರಿ ಮಾಡುವುದು ಸಾಲದೆಂದು ಚರ್ಚಿನಲ್ಲೂ ಅದೇ ಚಾಕರಿಯೇ? ಅದೂ ಅಲ್ಲದೆ, ಅತ್ತೆಗೆ ತಿಳಿಯದ್ದು ತನಗೆ ತಿಳಿಯುತ್ತದೆ ಎನ್ನುವುದು ಅವಳಿಗೆ ಬಾಯಲ್ಲಿಟ್ಟ ಬೆಲ್ಲದ ಚೂರಿನಂತಿತ್ತು. ಉಗುಳಲು ಮನಸ್ಸಾಗಲಿಲ್ಲ. ನಾನು ಚಿಕ್ಕವಳು, ದೊಡ್ಡವರ ನಡುವೆ ನನ್ನದೇನು ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಾಗ ಅದು ಕೇಳುವುದಕ್ಕೂ ಚೆನ್ನಾಗಿತ್ತು.

ಸುಗ್ಗಿಯ ಕಾಲ ಬಂತು. ಆ ದನಿ ಒಂದು ಭಾನುವಾರ ಹೀಗೆಂದಿತು: ಮಾರ್ಥಳ ಕೂಸಿನ ತೊಟ್ಟಿಲ ಹಗ್ಗ ಸವೆದಿದೆ, ಜಂತಿಗೆ ಕಟ್ಟಿದ ಕಡೆ ಸವೆದಿದೆ, ಅದನ್ನು ಬಿಚ್ಚಿಸಿ.

ಮಾರ್ಥ ಎದುರು ಮನೆಯವಳು. ಬಹಳ ಕಾದ ಮೇಲೆ ಹುಟ್ಟಿದ ಕೂಸು ಅದು. ಹೇಗೆ ತಿಳಿಯಿತೆಂದು ಹೇಳುವುದು ಬೇಡ, ಹಗ್ಗ ನೋಡು ಎಂದಷ್ಟೇ ಹೇಳಿಬಿಡೋಣ ಎಂದು ಸಲೋಮಿ ಪ್ರಾರ್ಥನೆ ಮುಗಿದ ಕೂಡಲೇ ಎದ್ದಳು. ಬಾಗಿಲಲ್ಲಿ ಮಾರ್ಥ ಕೂಸನ್ನು ದೀನಮ್ಮನ ಕೈಯ ಕೆಳಗೆ ಹಿಡಿದು ನಿಂತಿದ್ದಳು.

"ನಿಮ್ಮ ಕೈ ಒಂದಿದ್ರ ಸಾಕ್ರೀ ಅಮ್ಮಾ, ನನ್ನ ಕೂಸಿಗೆ ಯಾವ ಹೆದರಿಕೀನೂ ಇಲ್ಲ" ಎನ್ನುತ್ತಿದ್ದಳು.

ಸಲೋಮಿಗೆ ಮೈಯೆಲ್ಲ ಉರಿಯಿತು. ಹಾಗಾದರೆ ಆ ಕೈಯೇ ಕಾಯಲಿ ಎಂದುಕೊಂಡು ಮನೆಗೆ ಹೋಗಿ ಒಲೆ ಹಚ್ಚಿದಳು. ಸಂಜೆಗೆ ಸಿಟ್ಟು ಇಳಿಯಿತು. ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಬಟ್ಟೆ ಒಗೆಯುವುದಿತ್ತು. ಅದರ ಮರುದಿನ ನಡುಹಗಲಿನಲ್ಲಿ ಎದುರು ಮನೆಯಿಂದ ಮಾರ್ಥಳ ಕೂಗು ಕೇಳಿಸಿತು.

ಕೂಸನ್ನು ಮಣ್ಣು ಮಾಡಿ ಬಂದರು. ತಾನು ಕೈಯಿಟ್ಟು ಹರಸಿದ ಕೂಸು ಎಂದು ದೀನಮ್ಮ ಎದೆ ಬಡಿದುಕೊಂಡು ಅತ್ತಳು. ತನ್ನ ಬಾಯೇ ಮೊದಲು ಅದನ್ನು ಹೇಳಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅವಳು ಅಳಲೂ ಆರದೆ ಗೋಡೆಗೆ ಒರಗಿ ನಿಂತಿದ್ದಳು.

ಮುಂದಿನ ಭಾನುವಾರ ಎಲ್ಲರೂ ತಲೆ ತಗ್ಗಿಸಿದರು. ದೀನಮ್ಮನ ಬಾಯಿ ತೆರೆಯಿತು. ಆ ದನಿ ಯಾವ ಸುದ್ದಿಯನ್ನೂ ಹೇಳಲಿಲ್ಲ.

ಸಲೋಮಿ, ಎಂದಿತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಸಲೋಮಿ, ಎಂದಿತು. ಯಾರೂ ತಿರುಗಿ ನೋಡಲಿಲ್ಲ. ಅವರ ಕಿವಿಗೆ ಅದು ಹೆಸರಾಗಿರಲಿಲ್ಲ, ಎಂದಿನಂತೆ ಬೆರಗಿನ ಶಬ್ದವಾಗಿತ್ತು. ಕೆಲವರು ಕಣ್ಣು ಮುಚ್ಚಿ ಸ್ತೋತ್ರ ಎಂದರು. ಪ್ರಾರ್ಥನೆ ಮುಗಿಯುವವರೆಗೂ ಆ ದನಿ ಅವಳನ್ನು ಕರೆಯುತ್ತಲೇ ಇತ್ತು. ಸಿಟ್ಟಿರಲಿಲ್ಲ ಅದರಲ್ಲಿ. ಕತ್ತಲೆಯ ಕೋಣೆಯಲ್ಲಿ ಒಬ್ಬರಿದ್ದಾರೆಂದು ಗೊತ್ತಿದ್ದು ಹೊರಗಿನಿಂದ ಕರೆದಂತೆ ಇತ್ತು.

ಅವಳು ಜ್ವರವೆಂದು ಹೇಳಿ ಚರ್ಚಿಗೆ ಹೋಗುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಳು. ಅತ್ತೆ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಗೊರಕೆ ನಿಂತಿತು. ಮಲಗಿದವಳ ತುಟಿಗಳು ಅಲ್ಲಾಡಿದವು. ಕೇಳಿಸುತ್ತಿದೆ ಎಂದು ಗೊತ್ತು, ಎಂದಿತು ದನಿ. ಸಲೋಮಿಯ ಕೈಯಿಂದ ಮೊರ ಜಾರಿ ಅಕ್ಕಿ ಚೆಲ್ಲಿತು. ದೀನಮ್ಮ ಕಣ್ಣು ಬಿಟ್ಟಳು.

"ನಾ ಏನರ ಅಂದ್ನೇನ?"

"ಇಲ್ರೀ ಅತ್ತಿ, ಏನೂ ಅನ್ನಲಿಲ್ಲ."

ದೀನಮ್ಮ ಚೆಲ್ಲಿದ ಅಕ್ಕಿಯನ್ನು ನೋಡಿ, ಎಂದಿನಂತೆ ಬೈಯುವುದನ್ನೂ ಮರೆತು, ತನ್ನ ಬಾಯನ್ನು ಸೆರಗಿನಿಂದ ಒರೆಸಿಕೊಂಡಳು. ಅಂದಿನಿಂದ ಅವಳು ಹಗಲು ಮಲಗುವುದನ್ನು ಬಿಟ್ಟಳು.

ಈಗ ಹೇಳಿಬಿಡಬೇಕೆಂದು ಸಲೋಮಿಗೆ ಅನ್ನಿಸುತ್ತಿತ್ತು. ಆದರೆ ಹೇಳಿದರೆ ತೊಟ್ಟಿಲ ಮಾತು ಬರುತ್ತದೆ. ಮೊದಲು ಬಾಯಿ ಬಿಡದಿದ್ದುದು ಸಿಟ್ಟಿಗೆ, ಈಗ ಬಿಡದಿದ್ದುದು ಹೆದರಿಕೆಗೆ. ಹಾಗೆ ಒಂದೊಂದು ಭಾನುವಾರ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಬೇಸಿಗೆಗೆ ಚರ್ಚಿನ ಅಂಗಳದ ಬಾವಿಯ ಹೂಳು ತೆಗೆಯಬೇಕೆಂದು ಹಿರಿಯರು ಗೊತ್ತುಮಾಡಿದರು. ಇಳಿಯುವವನು ಸೀಲ. ಹೂಳು ತೆಗೆಯುವ ಭಾನುವಾರ ಗಂಡನ ಬಲವಂತಕ್ಕೆ ಅವಳು ಚರ್ಚಿಗೆ ಬಂದಳು. ದನಿ ಅವಳ ಹೆಸರು ಕರೆಯಲಿಲ್ಲ. ಬಾವಿಯಲ್ಲಿ ಉಸಿರಿಲ್ಲ, ಸೀಲನನ್ನು ಇಳಿಸಬೇಡಿ, ಎಂದು ಒಂದೇ ಸಲ ಹೇಳಿ ನಿಂತುಬಿಟ್ಟಿತು.

ಪ್ರಾರ್ಥನೆ ಮುಗಿಯಿತು. ಗಂಡಸರು ಹಗ್ಗ, ಬುಟ್ಟಿ ತಂದರು. ಸಲೋಮಿ ಗಂಡನನ್ನು ಪಕ್ಕಕ್ಕೆ ಕರೆದು ಹೊಟ್ಟೆನೋವು, ಮನೆಗೆ ಹೋಗೋಣ ಎಂದಳು. ಅವನು ಹಣೆ ಮುಟ್ಟಿ ನೋಡಿ, ಸ್ವಲ್ಪ ಕೂತಿರು, ಕೆಲಸ ಮುಗಿಸಿ ಬರುತ್ತೇನೆ ಎಂದ. ನನಗೆ ಕೆಟ್ಟ ಕನಸು ಬಿದ್ದಿತ್ತು ಎಂದಳು. ಅವನು ನಕ್ಕ. ಪ್ರತಿ ವರ್ಷ ಇಳಿಯುವ ಬಾವಿ, ಅವನ ನಗುವಿನಲ್ಲಿ ತಪ್ಪಿರಲಿಲ್ಲ. ನಿಜ ಹೇಳದೆ ಅವನನ್ನು ಉಳಿಸಿಕೊಳ್ಳಲು ಅವಳಿಗೆ ಬೇರೆ ಸುಳ್ಳು ಹೊಳೆಯಲಿಲ್ಲ. ಅವನು ಸೊಂಟಕ್ಕೆ ಹಗ್ಗ ಬಿಗಿದು ಕಟ್ಟೆಯ ಮೇಲೆ ಕೂತು ಕಾಲು ಒಳಗೆ ಬಿಟ್ಟ. ಸುತ್ತ ನಿಂತವರಲ್ಲಿ ಮಾರ್ಥಳೂ ಇದ್ದಳು.

"ಇಳಿಸಬ್ಯಾಡ್ರಿ" ಎಂದು ಸಲೋಮಿ ಕೂಗಿದಳು. "ಬಾವ್ಯಾಗ ಉಸಿರಿಲ್ಲ. ಮುಂಜಾನಿ ಅತ್ತಿ ಬಾಯಾಗ ಬಂತು. ನನಗ ತಿಳಿತದ, ಅತ್ತಿ ಆಡೂ ಮಾತು ನನಗ ತಿಳಿತದ."

ಎಲ್ಲರೂ ಅವಳತ್ತ ನೋಡಿದರು. ಪಾಲಕರು ಒಂದು ಕಂದೀಲು ಹಚ್ಚಿಸಿ, ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಬಿಟ್ಟರು. ಜನ ಬಗ್ಗಿ ನೋಡಿದರು. ಅರ್ಧ ದಾರಿಗೆ ಬೆಳಕು ಸಣ್ಣಗಾಯಿತು. ಇನ್ನೂ ಸ್ವಲ್ಪ ಇಳಿಯುವಷ್ಟರಲ್ಲಿ ಯಾರೋ ಊದಿದಂತೆ ಆರಿಹೋಯಿತು. ಮತ್ತೆ ಹಚ್ಚಿ ಬಿಟ್ಟರು, ಅದೇ ಕಡೆಯಲ್ಲಿ ಆರಿತು. ದೀಪ ಆರಿಸುವಂಥ ಬೀಸುಗಾಳಿಯ ಸುಳಿವೇ ಇರಲಿಲ್ಲ.

ಸೀಲ ಕಾಲು ಮೇಲಕ್ಕೆಳೆದುಕೊಂಡ. ಜನರಿಗೆ ಹೋದ ಜೀವ ಬಂದಂತಾಯಿತು. ಅರ್ಥ ಹೇಳುವವಳು ಸಿಕ್ಕಳು, ನಮ್ಮ ಸಭೆಗೆ ಎರಡನೆಯ ವರ ಬಂತು ಎಂದು ಹೊಗಳಿದರು. ಯಾರೋ ಕೀರ್ತನೆ ಎತ್ತಿಕೊಂಡರು. ಅದರ ನಡುವೆ ಮಾರ್ಥ ಮುಂದೆ ಬಂದು ನಿಂತಳು.

"ಯಾವಾಗಿಂದ ತಿಳಿತದ ನಿನಗ?" ಎಂದಳು.

ಇವತ್ತಿನಿಂದ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಮಾರ್ಥಳೂ ನಂಬುತ್ತಿದ್ದಳು. ಸಲೋಮಿ ಅತ್ತೆಯ ಬಾಯನ್ನೇ ನೋಡಿದಳು, ಈಗಲೂ ಆ ದನಿ ಏನಾದರೂ ಹೇಳಬಹುದೆಂದು. ದೀನಮ್ಮನ ತುಟಿ ಅಲ್ಲಾಡಲಿಲ್ಲ. ಗಂಡ ಜೀವಂತ ಎದುರಿಗೆ ನಿಂತಿದ್ದ. ಅವನನ್ನು ನೋಡಿದಾಗ ಅವಳಿಗೆ ಸುಳ್ಳು ಹೇಳಲು ನಾಚಿಕೆಯಾಯಿತು.

"ತೊಟ್ಟಿಲ ಹಗ್ಗ ಸವದದ ಅಂತ ಬಂದಾಗೂ ತಿಳಿದಿತ್ತು ಅಕ್ಕಾ" ಎಂದಳು.

ಕೀರ್ತನೆ ನಿಂತಿತು. ದೀನಮ್ಮ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಮಾರ್ಥ ತಿರುಗಿ ಮನೆಗೆ ಹೋದಳು. ಆ ವಾರವಿಡೀ ಎದುರು ಮನೆಯ ಬಾಗಿಲು ತೆರೆಯಲಿಲ್ಲ.

ಮುಂದಿನ ಭಾನುವಾರ ಸಲೋಮಿ ಎಲ್ಲರಿಗಿಂತ ಹಿಂದೆ ಒಬ್ಬಳೇ ಕೂತಳು. ಪಕ್ಕದಲ್ಲಿ ಕೂರಲು ಯಾರೂ ಬರಲಿಲ್ಲ. ಕೊನೆಗೆ ಬಂದವಳು ಮಾರ್ಥ. ಅವಳು ಸಲೋಮಿಗೆ ತಾಗಿ ಕೂತು ಅವಳ ಮಣಿಕಟ್ಟು ಹಿಡಿದುಕೊಂಡಳು. ದೀನಮ್ಮನ ಬಾಯಿಂದ ಮಾತು ಹೊರಟಿತು. ಮಾರ್ಥಳ ಹಿಡಿತ ಬಿಗಿಯಾಯಿತು. ಸಲೋಮಿ ಎದ್ದು ನಿಂತು ಕೇಳಿಸಿದ್ದನ್ನೆಲ್ಲ ಎಲ್ಲರಿಗೂ ಕೇಳುವಂತೆ ಹೇಳಿ ಮುಗಿಸುವವರೆಗೂ ಅದು ಸಡಿಲಾಗಲಿಲ್ಲ. ಅಂದು ಸಲೋಮಿಯ ಎರಡು ಬಳೆ ಒಡೆದವು.

ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ ನಡೆಯಿತು. ಹೊರಗಿನ ಊರುಗಳ ಗಾಡಿಗಳು ಕಡಿಮೆಯಾದವು. ತಮ್ಮನ ಹೊಲದ ಬದುವನ್ನು ಒತ್ತಿದ್ದೀಯೆ, ಬಿಟ್ಟುಕೊಡು ಎಂದು ಅನ್ಯಭಾಷೆಯಲ್ಲಿ ಬಂದರೆ ಜನ ಸಹಿಸುತ್ತಾರೆ, ಅದು ಕನ್ನಡಕ್ಕೆ ಬಂದರೆ ಎದ್ದು ಹೋಗುತ್ತಾರೆ. ಆದರೆ ಆ ಊರಿನಲ್ಲಿ ಕೆಲವು ಜೀವಗಳು ಉಳಿದವು, ಕೆಲವು ಜಗಳಗಳು ಮುಗಿದವು. ದೀನಮ್ಮನೂ ಪ್ರಾರ್ಥನೆ ಮುಗಿದ ಮೇಲೆ ಸೊಸೆಯ ಹತ್ತಿರ ಬಂದು, ನಾನು ಏನಂದೆ ಹೇಳು ಎಂದು ಕೇಳಿ ತಿಳಿದುಕೊಳ್ಳುತ್ತಿದ್ದಳು. ಮಾರ್ಥ ಸಲೋಮಿಯೊಂದಿಗೆ ಒಂದು ಮಾತೂ ಆಡುತ್ತಿರಲಿಲ್ಲ. ಬಂದು ಕೂರುತ್ತಿದ್ದಳು, ಕೈ ಹಿಡಿಯುತ್ತಿದ್ದಳು. ಎಷ್ಟೋ ಸಲ ದೀನಮ್ಮ ಬಾಯಿ ತೆರೆಯುವ ಮೊದಲೇ ಆ ಬೆರಳುಗಳು ಬಿಗಿಯುತ್ತಿದ್ದವು.

ಅಯ್ಯನವರು ಕತೆ ನಿಲ್ಲಿಸಿದರು.

"ಮಾರ್ಥ ಅವಳನ್ನು ಕ್ಷಮಿಸಿದಳೇ, ಅಯ್ಯನವರೇ?" ಎಂದು ಹನೋಕ ಕೇಳಿದ.

"ಅದನ್ನು ಅವರಿಬ್ಬರಿಗೆ ಬಿಡು. ಹನೋಕ, ನೀನೂ ಒಂದು ಮಾತನ್ನು ಹೇಳದೆ ನಿನ್ನಲ್ಲೇ ಇಟ್ಟುಕೊಂಡಿದ್ದೀಯಲ್ಲ, ನಿನಗೆ ಕೇಳಿಸಿದ್ದು ಯಾರ ಹೆಸರು?"