ಹುಣ್ಣಿಮೆಯ ಅರ್ಧ ಬೆಲೆ

ಮಕ್ಕಳೇ, ಈ ಕತೆ ನಡೆದದ್ದು ಒಂದು ಕುರುಚಲು ಕಾಡಿನಲ್ಲಿ. ಆ ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ಒಂದು ಮುದಿ ಹಿಪ್ಪೆ ಮರ. ಆ ಮರದ ಬುಡದ ಪೊಟರೆಯಲ್ಲಿ ಒಂದು ಔಷಧದ ಅಂಗಡಿ.

ಅಂಗಡಿ ಇಟ್ಟಿದ್ದವರು ಮುದ್ದಪ್ಪ ಪಂಡಿತರು ಎಂಬ ಮುಳ್ಳುಹಂದಿ. ಮೈ ತುಂಬ ಮುಳ್ಳಿದ್ದರೂ ಮಾತು ಮೆತ್ತಗೆ. ನೆಗಡಿಗೆ ತುಳಸಿ ಕಷಾಯ, ಗಾಯಕ್ಕೆ ಅರಿಸಿನದ ಮುಲಾಮು, ಹೊಟ್ಟೆನೋವಿಗೆ ಓಮದ ನೀರು. ಎಲ್ಲವನ್ನೂ ಬಸವನಹುಳುವಿನ ಖಾಲಿ ಚಿಪ್ಪುಗಳಲ್ಲಿ ತುಂಬಿ ಸಾಲಾಗಿ ಜೋಡಿಸಿರುತ್ತಿದ್ದರು. ಬೇಕಾದವರು ಹೊಂಗೆ ಬೀಜ ಕೊಟ್ಟು ಕೊಳ್ಳಬೇಕು.

ಅಂಗಡಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದದ್ದು ಒಂದು ಗಿಣಿ. ಮಹಾ ಚುರುಕು. ಅದು ಒಂದು ದಿನ ಪಂಡಿತರಿಗೆ ಹೇಳಿತು, "ಬರೀ ಔಷಧ ಮಾರಿದರೆ ಸಾಲದು ಪಂಡಿತರೇ. ಗಿರಾಕಿಗಳು ನಮ್ಮ ಹತ್ತಿರವೇ ಬರಬೇಕು ಅಂದರೆ ಏನಾದರೂ ಆಸೆ ಇರಬೇಕು."

ಹಾಗೆ ಹೊಸ ಪದ್ಧತಿ ಶುರುವಾಯಿತು. ಏನನ್ನೇ ಕೊಂಡರೂ ಒಂದು ಕೆಂಪು ಗುಲಗಂಜಿ ಉಡುಗೊರೆ. ಗುಲಗಂಜಿಗಳನ್ನು ನಾರಿನಲ್ಲಿ ಪೋಣಿಸುತ್ತಾ ಹೋಗಿ ಸರ ತುಂಬಿಸಿದವರಿಗೆ ಮೇಲಿನ ಅಟ್ಟದಲ್ಲಿದ್ದ ಜೇನಿನ ಲೇಹ್ಯದ ಭರಣಿ ಪುಕ್ಕಟೆ. ಇದರ ಜೊತೆಗೆ ಕೂಪನ್ ಬೇರೆ. ಗಿಣಿ ಮುತ್ತುಗದ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಗುರುತು ಮಾಡಿ ಹಂಚುತ್ತಿತ್ತು. ಆ ಎಲೆಯನ್ನು ಹುಣ್ಣಿಮೆಯ ದಿನ ತಂದರೆ ಔಷಧ ಅರ್ಧ ಬೆಲೆಗೆ. ಅವತ್ತು ಗುಲಗಂಜಿಯೂ ಒಂದರ ಬದಲು ಎರಡು!

ಈ ಪದ್ಧತಿಯನ್ನು ಆ ಕಾಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವಳು ಸಾಕವ್ವ ಎಂಬ ಅಳಿಲು.

ಸಾಕವ್ವ ಜಿಪುಣಿಯಲ್ಲ, ಮಕ್ಕಳೇ. ಜಾಣೆ. ಮಳೆಗಾಲ ಬಂದರೆ ಮರಿಗಳಿಗೆ ಕೆಮ್ಮು ಬರುತ್ತದೆ ಎಂದು ಬೇಸಿಗೆಯ ಹುಣ್ಣಿಮೆಯಲ್ಲೇ ಕಷಾಯ ಕೊಂಡು ಇಟ್ಟುಕೊಳ್ಳುತ್ತಿದ್ದಳು. ಉದುರಿದ ಕೂಪನ್ ಎಲೆ ಎಲ್ಲೇ ಕಂಡರೂ ಎತ್ತಿ, ಒಣಗದಂತೆ ಪಾಚಿಯ ನಡುವೆ ಇಡುತ್ತಿದ್ದಳು. ಮೊಲ, ಓತಿಕ್ಯಾತ, ಕೌಜುಗ ಎಲ್ಲರೂ ಅವಳ ಸಲಹೆ ಕೇಳುವವರೇ. "ಸಾಕವ್ವ, ಮುಲಾಮು ಈಗ ಕೊಳ್ಳಲೋ, ಆಮೇಲೆ ಕೊಳ್ಳಲೋ?" ಎಂದು ಯಾರಾದರೂ ಕೇಳಿದರೆ ಅವಳ ಬಾಲ ತಾನಾಗಿ ಮೇಲೇಳುತ್ತಿತ್ತು. ಅವಳು ಹೇಳಿದಂತೆ ಮಾಡಿದವರಿಗೆ ನಾಲ್ಕು ಬೀಜ ಉಳಿಯುತ್ತಿದ್ದದ್ದೂ ನಿಜ.

ಹೀಗೆ ಹೊಗಳಿಸಿಕೊಂಡು ಹೊಗಳಿಸಿಕೊಂಡು ಅವಳಿಗೊಂದು ಚಟ ಅಂಟಿತು. ಪೂರ್ತಿ ಬೆಲೆ ಕೊಟ್ಟು ಏನನ್ನಾದರೂ ಕೊಳ್ಳುವುದೆಂದರೆ ಅವಳಿಗೆ ಯಾರೋ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಕೊರಳಿನಲ್ಲಿ ತೂಗುವ ಗುಲಗಂಜಿ ಸರವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆ ಸರ ತುಂಬಲು ಇನ್ನು ಎರಡೇ ಕಾಳು ಬಾಕಿ ಇತ್ತು.

ಸಾಕವ್ವನ ಪಕ್ಕದ ಕೊಂಬೆಯಲ್ಲಿ ಗೌರಕ್ಕ ಎಂಬ ಗೊರವಂಕ ಗಂಡನೊಂದಿಗೆ ಗೂಡು ಕಟ್ಟಿದ್ದಳು. ಇಬ್ಬರದ್ದೂ ಅಕ್ಕತಂಗಿಯರ ಹಾಗೆ ಒಡನಾಟ. ಸಾಕವ್ವ ಕಾಯಿ ಆರಿಸಲು ಹೋದಾಗ ಅವಳ ಮರಿಗಳಿಗೆ ಗೌರಕ್ಕನೇ ಕಾವಲು. ಗೌರಕ್ಕ ಹುಳ ಹೆಕ್ಕಲು ಹೋದಾಗ ಅವಳ ಮೊಟ್ಟೆಗಳಿಗೆ ಸಾಕವ್ವ ಕಾವಲು.

ಒಂದು ಬೆಳಿಗ್ಗೆ ಗೌರಕ್ಕ ಜಾಲಿ ಮರದ ಕೆಳಗೆ ಹುಳ ಹೆಕ್ಕುತ್ತಿದ್ದಾಗ ಗಾಳಿ ಬೀಸಿತು. ಏನೋ ಧೂಳು ಹಾರಿ ಎಡಗಣ್ಣಿಗೆ ಬಿತ್ತು. ರೆಕ್ಕೆಯಿಂದ ಉಜ್ಜಿದಳು. ಉಜ್ಜಿದಷ್ಟೂ ಉರಿ. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು.

ಮರುದಿನ ಅವಳು ಕೊಕ್ಕಿನಲ್ಲಿ ಹೊಂಗೆ ಬೀಜ ಕಚ್ಚಿಕೊಂಡು ಹೊರಟಿದ್ದನ್ನು ಸಾಕವ್ವ ಕಂಡಳು.

"ಎಲ್ಲಿಗೆ ಗೌರಕ್ಕ ಇಷ್ಟು ಬೇಗ?"

ಗೌರಕ್ಕ ಬೀಜಗಳನ್ನು ಕೊಂಬೆಯ ಮೇಲಿಟ್ಟು ಹೇಳಿದಳು, "ಕಣ್ಣು ನೋಡು, ಸಾಕವ್ವ. ಪಂಡಿತರ ಹತ್ತಿರ ನಂದಿಬಟ್ಟಲಿನ ಹನಿ ಇದೆಯಂತೆ. ತಂದು ಹಾಕಿಕೊಳ್ಳುತ್ತೇನೆ."

ಸಾಕವ್ವ ಬಗ್ಗಿ ನೋಡಿದಳು. ಕಣ್ಣು ಕೆಂಪಾಗಿತ್ತು, ನಿಜ. ಆದರೆ ಅವಳ ಮನಸ್ಸು ಅದಾಗಲೇ ಬೇರೆ ಕಡೆ ಓಡಿತ್ತು. ಹಿಂದಿನ ರಾತ್ರಿಯೇ ಚಂದ್ರ ಅರ್ಧಕ್ಕೆ ಬಂದಿದ್ದ. ಹುಣ್ಣಿಮೆ ದೂರವಿರಲಿಲ್ಲ. ಕಣ್ಣಿನ ಹನಿ ಅಂಗಡಿಯಲ್ಲೇ ದುಬಾರಿಯಾದ ಔಷಧ. ಅರ್ಧ ಬೆಲೆ ಎಂದರೆ ಎಷ್ಟೊಂದು ಉಳಿತಾಯ! ಜೊತೆಗೆ ಎರಡು ಗುಲಗಂಜಿ...

"ಅಯ್ಯೋ, ಇವತ್ತೇ ಯಾಕೆ?" ಎಂದಳು ಸಾಕವ್ವ. "ಪೂರ್ತಿ ಬೆಲೆ ಸುರಿಯುತ್ತೀಯಾ? ಹುಣ್ಣಿಮೆ ಹತ್ತಿರ ಬಂತಲ್ಲ. ನನ್ನ ಹತ್ತಿರ ಕೂಪನ್ ಎಲೆ ಇದೆ. ನಾನೇ ಮುಂದೆ ನಿಂತು ತೆಗೆಸಿಕೊಡುತ್ತೇನೆ."

"ಅಲ್ಲಿಯವರೆಗೆ ತಡೆಯಬಹುದಾ?"

"ಧೂಳು ಬಿದ್ದದ್ದು ತಾನೇ? ದಿನಾ ಬೆಳಿಗ್ಗೆ ಇಬ್ಬನಿಯಲ್ಲಿ ತೊಳೆದುಕೋ. ಉಳಿದ ಬೀಜದಲ್ಲಿ ಹುಟ್ಟುವ ಮರಿಗಳಿಗೆ ಏನಾದರೂ ತರಬಹುದು. ನಾನಿದ್ದೇನಲ್ಲ!"

ಗೌರಕ್ಕ ಕೊಂಬೆಯ ಮೇಲಿದ್ದ ಬೀಜಗಳ ಕಡೆ ನೋಡಿದಳು. ಸಾಕವ್ವ ಇಂಥ ವಿಷಯದಲ್ಲಿ ಎಂದೂ ತಪ್ಪಿದವಳಲ್ಲ. "ನೀನು ಹೇಳಿದ ಮೇಲೆ ಸರಿಯೇ ಇರುತ್ತದೆ" ಎಂದು ಬೀಜಗಳನ್ನು ಮತ್ತೆ ಗೂಡಿಗೆ ತೆಗೆದುಕೊಂಡು ಹೋದಳು.

ಚಂದ್ರ ದಿನದಿನಕ್ಕೆ ದೊಡ್ಡವನಾದ. ಗೌರಕ್ಕನ ಕಣ್ಣೂ ಊದುತ್ತಾ ಹೋಯಿತು.

ಸಾಕವ್ವ ಏನೂ ಮಾಡದೆ ಕೂರಲಿಲ್ಲ. ಬೆಳಗಾಗುತ್ತಲೇ ಎಲೆಯಲ್ಲಿ ಇಬ್ಬನಿ ಹಿಡಿದು ತಂದು ತಾನೇ ಕಣ್ಣು ತೊಳೆಯುತ್ತಿದ್ದಳು. ಮೃದುವಾದ ಹಣ್ಣು ಆರಿಸಿ ತಿನ್ನಿಸುತ್ತಿದ್ದಳು. ಆದರೆ ಮೊದಮೊದಲು ಆ ಕಣ್ಣನ್ನು ನೇರವಾಗಿ ನೋಡುತ್ತಿದ್ದವಳು, ಬರಬರುತ್ತಾ ಬೇರೆಲ್ಲೋ ನೋಡುತ್ತಾ ತೊಳೆಯಲು ಶುರು ಮಾಡಿದಳು.

ಒಂದು ಮಧ್ಯಾಹ್ನ ಗೌರಕ್ಕನ ಗಂಡ ಕರಿಯಣ್ಣ ಬಂದು ಸಾಕವ್ವನ ಪೊಟರೆಯ ಬಾಗಿಲಲ್ಲಿ ಕುಳಿತ.

"ಸಾಕವ್ವ, ಗೌರಿ ನಿನ್ನೆಯಿಂದ ಒಂದು ಹುಳವನ್ನೂ ತಿಂದಿಲ್ಲ. ರೆಪ್ಪೆ ಅಂಟಿಕೊಂಡುಬಿಟ್ಟಿದೆ. ನಾನು ಈಗಲೇ ಹೋಗಿ ಹನಿ ತಂದುಬಿಡಲಾ?"

'ಹೋಗಿ ತಾ' ಎಂಬ ಮಾತು ಸಾಕವ್ವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೈ ಸುಮ್ಮನೆ ಕೊರಳಿಗೆ ಹೋಯಿತು. ಈಗ ಅವನು ಹೋಗಿ ತಂದರೆ ಗುಲಗಂಜಿ ಅವನ ಪಾಲಾಗುತ್ತದೆ. ಅದೂ ಒಂದೇ ಒಂದು. ಹುಣ್ಣಿಮೆಯ ದಿನ ತಾನೇ ತಂದುಕೊಟ್ಟರೆ ಸರ ತುಂಬುತ್ತದೆ.

"ಇಷ್ಟು ದಿನ ತಡೆದದ್ದಾಯಿತಲ್ಲ, ಕರಿಯಣ್ಣ" ಎಂದಳು. "ಹುಣ್ಣಿಮೆ ಇನ್ನೇನು ಬಂದೇಬಿಟ್ಟಿತು. ಈಗ ಪೂರ್ತಿ ಬೆಲೆ ಕೊಟ್ಟರೆ ಕಾದದ್ದೆಲ್ಲ ದಂಡ."

ಕರಿಯಣ್ಣ ತಲೆ ಕೆರೆದುಕೊಂಡ. ಅವನಿಗೆ ಲೆಕ್ಕಾಚಾರ ಬರುತ್ತಿರಲಿಲ್ಲ. ಸಾಕವ್ವನಿಗೆ ಬರುತ್ತದೆ ಎಂದು ಕಾಡಿಗೆಲ್ಲ ಗೊತ್ತಿತ್ತು. ಅವನು ಹಾರಿಹೋದ ಮೇಲೆ ಸಾಕವ್ವ ಬಹಳ ಹೊತ್ತು ಒಂದು ಕಾಯಿಯನ್ನು ತಿರುಗಿಸುತ್ತಾ ಕುಳಿತಳು. ತಿನ್ನಲಾಗಲಿಲ್ಲ.

ಕೊನೆಗೂ ಹುಣ್ಣಿಮೆ ಬಂತು.

ಬೆಳಕು ಹರಿಯುವ ಮೊದಲೇ ಹಿಪ್ಪೆ ಮರದ ಮುಂದೆ ಉದ್ದದ ಸಾಲು. ಮೊಲಗಳು, ಮುಂಗುಸಿಗಳು, ಕೌಜುಗಗಳು, ಎಲ್ಲರ ಬಾಯಲ್ಲೂ ಒಂದೊಂದು ಮುತ್ತುಗದ ಎಲೆ. ಸಾಕವ್ವ ಗೌರಕ್ಕನನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. ಗೌರಕ್ಕ ಹಾರಲಿಲ್ಲ. ನೆಲದ ಮೇಲೆ ಕುಪ್ಪಳಿಸುತ್ತಾ, ಅಲ್ಲಲ್ಲಿ ಬೇರಿಗೆ ಎಡವುತ್ತಾ ಬಂದಳು.

ಅವರ ಸರದಿ ಬಂದಾಗ ಬಿಸಿಲು ಏರಿತ್ತು.

"ಬಾ, ಬಾ ಸಾಕವ್ವ! ನಿನ್ನನ್ನೇ ಕಾಯುತ್ತಿದ್ದೆ" ಎಂದಿತು ಗಿಣಿ. ಕೂಪನ್ ಎಲೆಯ ಗುರುತು ನೋಡಿತು, ಅರ್ಧ ಬೆಲೆಯ ಬೀಜ ತೆಗೆದುಕೊಂಡಿತು, ನಂದಿಬಟ್ಟಲಿನ ಹನಿಯ ಚಿಪ್ಪನ್ನು ಮುಂದಿಟ್ಟಿತು. ಆಮೇಲೆ ಎರಡು ಗುಲಗಂಜಿಗಳನ್ನು ಅವಳ ಅಂಗೈಗೆ ಹಾಕಿತು.

ಸಾಕವ್ವ ಅವನ್ನು ನಾರಿಗೆ ಪೋಣಿಸಿದಳು. ಸರ ತುಂಬಿತು.

"ನೋಡಿ, ಎಲ್ಲರೂ ನೋಡಿ!" ಗಿಣಿ ರೆಕ್ಕೆ ಬಡಿದು ಕೂಗಿತು. "ನಮ್ಮ ಅಂಗಡಿಯಲ್ಲಿ ಮೊದಲ ಸರ ತುಂಬಿಸಿದವಳು ಸಾಕವ್ವ! ಇಳಿಸಿ ಲೇಹ್ಯದ ಭರಣಿ!"

ಸಾಲಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ಯಾರೋ ಅವಳ ಬೆನ್ನು ತಟ್ಟಿದರು.

ಆ ಗದ್ದಲದ ನಡುವೆ ಮುದ್ದಪ್ಪ ಪಂಡಿತರು ಗೌರಕ್ಕನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದ್ದರು. ಅಂಟಿಕೊಂಡಿದ್ದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದರು. ಒಂದು ಹುಲ್ಲುಕಡ್ಡಿಯನ್ನು ಆ ಕಣ್ಣಿನ ಮುಂದೆ ಆ ಕಡೆಯಿಂದ ಈ ಕಡೆಗೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು.

"ಕಾಣುತ್ತದಾ ತಾಯಿ?"

"ಏನು ಪಂಡಿತರೇ?" ಎಂದಳು ಗೌರಕ್ಕ.

ಪಂಡಿತರು ಕಡ್ಡಿಯನ್ನು ಕೆಳಗಿಟ್ಟರು. "ಇದು ಯಾವಾಗ ಶುರುವಾಯಿತು?"

"ಚಂದ್ರ ಅರ್ಧ ಇದ್ದಾಗ."

"ಆಗಲೇ ಯಾಕೆ ಬರಲಿಲ್ಲ? ಎರಡು ದಿನ ಹನಿ ಹಾಕಿದ್ದರೆ ವಾಸಿಯಾಗುವ ನೋವಮ್ಮ ಇದು!"

ಗೌರಕ್ಕ ಸಾಕವ್ವನ ಕಡೆಗೆ ತಿರುಗಿದಳು. ಸಾಕವ್ವ ಎರಡೂ ಕೈಯಲ್ಲಿ ಭರಣಿ ಹಿಡಿದುಕೊಂಡು ನಿಂತಿದ್ದಳು. ಅವಳೇ ಬಾಯಿ ಬಿಡಬೇಕಾಯಿತು.

"ನಾನೇ ಬೇಡ ಅಂದೆ, ಪಂಡಿತರೇ. ಹುಣ್ಣಿಮೆಗೆ ಅರ್ಧ ಬೆಲೆ ಅಂತ..."

ಪಂಡಿತರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. "ಆ ಎಲೆ ಮಾಡಿಸಿದ್ದು ಮಳೆಗಾಲದ ಕಷಾಯ ಮುಂಚೆಯೇ ತೆಗೆದಿಟ್ಟುಕೊಳ್ಳುವವರಿಗೆ ಅಂತ, ಸಾಕವ್ವ" ಎಂದರು. "ಕಣ್ಣುನೋವು ಹುಣ್ಣಿಮೆಯ ತನಕ ತಡೆದುಕೊಂಡು ಇರುತ್ತದಾ? ಈ ತಪ್ಪಿನಲ್ಲಿ ನನ್ನದೂ ಪಾಲಿದೆ. ಹಂಚುವಾಗ ಈ ಮಾತು ಹೇಳಬೇಕಾಗಿತ್ತು." ಆಮೇಲೆ ಗೌರಕ್ಕನ ಕಡೆ ತಿರುಗಿದರು. "ಈ ಹನಿಯನ್ನು ದಿನಾ ಹಾಕು ತಾಯಿ. ನೋವು ಹೋಗುತ್ತದೆ. ಬಲಗಣ್ಣಿಗೆ ಹರಡುವುದಿಲ್ಲ. ಎಡಗಣ್ಣಿನ ಬೆಳಕನ್ನು ಮಾತ್ರ ನನ್ನಿಂದ ತರಲಾಗದು."

ಗಿಣಿ ಕೊಕ್ಕನ್ನು ಎದೆಗೆ ಒತ್ತಿಕೊಂಡು ನಿಂತಿತ್ತು.

ಇಬ್ಬರೂ ಕೊಳದ ದಡದಲ್ಲಿ ಮರಳಿ ಹೊರಟರು. ಸಾಕವ್ವ ಅಳುತ್ತಾ ನಡೆಯುತ್ತಿದ್ದಳು. ಕೊನೆಗೆ ಗೌರಕ್ಕನೇ ಹೇಳಿದಳು, "ಅಳಬೇಡ ಸಾಕವ್ವ. ನನಗೂ ಆಸೆಯಾಯಿತಲ್ಲ. ನಾಲ್ಕು ಬೀಜ ಉಳಿಯುತ್ತದೆ ಅಂತ ನಾನೂ ಒಪ್ಪಿಕೊಂಡೆನಲ್ಲ. ನೀನು ನನ್ನ ಒಳ್ಳೆಯದಕ್ಕೇ ಹೇಳಿದೆ."

ಆ ಮಾತು ಸಾಕವ್ವನಿಗೆ ಮುಳ್ಳಿನಂತೆ ಚುಚ್ಚಿತು. ಅವಳು ನಿಂತುಬಿಟ್ಟಳು.

"ಇಲ್ಲ ಗೌರಕ್ಕ. ಪೂರ್ತಿ ನಿನ್ನ ಒಳ್ಳೆಯದಕ್ಕೇ ಅಲ್ಲ. ನನ್ನ ಸರಕ್ಕೆ ಎರಡು ಕಾಳು ಬೇಕಾಗಿತ್ತು. ಕರಿಯಣ್ಣ ಬಂದು ಕೇಳಿದ ದಿನ ನಿನ್ನ ಕಣ್ಣು ಹೇಗಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತಡೆದೆ."

ಗೌರಕ್ಕ ಅವಳನ್ನು ನೋಡಲು ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು. ಸಾಕವ್ವ ನಿಂತಿದ್ದದ್ದು ಅವಳ ಎಡಕ್ಕೆ. ಬಲಗಣ್ಣಿನಿಂದ ಆ ಕೆಂಪು ಸರವನ್ನು ಬಹಳ ಹೊತ್ತು ನೋಡಿದಳು.

"ಹಾಗಾದರೆ ಆ ಕಾಳುಗಳು ನಿನಗೆ ಸಿಕ್ಕವು" ಎಂದಳು. ಅಷ್ಟೇ. ರೆಕ್ಕೆ ಬಿಚ್ಚಿ ಮೇಲೆದ್ದಳು. ಹೋಗುವಾಗ ಎಡರೆಕ್ಕೆ ಒಂದು ಕೊಂಬೆಗೆ ತಗುಲಿ ಒಂದು ಗರಿ ಉದುರಿತು.

ಸಾಕವ್ವ ಅವತ್ತು ಲೇಹ್ಯದ ಭರಣಿಯನ್ನು ಗೊರವಂಕಗಳ ಗೂಡಿನ ಕೆಳಗಿನ ಕವಲಿನಲ್ಲಿಟ್ಟು ಬಂದಳು. ಬೆಳಿಗ್ಗೆ ನೋಡಿದರೆ ಇಟ್ಟಲ್ಲೇ ಇತ್ತು. ಅದರ ಬಾಯಿಯ ತುಂಬ ಇರುವೆ. ಅವಳಿಗೂ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಸರವನ್ನು ಬಿಚ್ಚಿ ಗಿಣಿಗೆ ಹಿಂದಿರುಗಿಸಿದಳು.

ಗೂಡಿನಲ್ಲಿ ಮರಿಗಳಾದವು. ಗೌರಕ್ಕ ಹುಳ ಹೆಕ್ಕಲು ಹೋಗುವಾಗ ಅವನ್ನು ನೋಡಿಕೊಳ್ಳಲು ಕರಿಯಣ್ಣನೇ ಉಳಿದ. ಸಾಕವ್ವನನ್ನು ಯಾರೂ ಕರೆಯಲಿಲ್ಲ. ಜಗಳವೇನೂ ಆಗಲಿಲ್ಲ, ಮಕ್ಕಳೇ. ಎದುರು ಸಿಕ್ಕರೆ "ಊಟ ಆಯಿತಾ?" ಎನ್ನುವಷ್ಟು ಮಾತು ಉಳಿದಿತ್ತು. ಆದರೆ ಹಿಂದೆ ಇಬ್ಬರ ನಡುವೆ ಇದ್ದದ್ದು ಅಷ್ಟೇ ಆಗಿರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಪಿಕಳಾರ ಹಕ್ಕಿಯೊಂದು ಹಾರಿಬಂತು. "ಸಾಕವ್ವ, ಮರಿಗೆ ಮೈ ಬಿಸಿಯಾಗಿದೆ. ಹುಣ್ಣಿಮೆಗೆ ಅರ್ಧ ಬೆಲೆಯಂತಲ್ಲ. ಕಾಯಲಾ?"

"ಕಾಯಬೇಡ! ನಡಿ" ಎಂದಳು ಸಾಕವ್ವ. ಸುರಿಯುವ ಮಳೆಯಲ್ಲೇ ಅದರ ಜೊತೆ ಅಂಗಡಿಗೆ ಓಡಿದಳು. ಪಿಕಳಾರದ ಹತ್ತಿರ ಬೀಜ ಸಾಲದೆ ಬಂದಾಗ ತನ್ನದನ್ನು ಸೇರಿಸಿ ಪೂರ್ತಿ ಬೆಲೆ ಕೊಡಿಸಿದಳು. ಕೆಮ್ಮಿನ ಕಷಾಯಕ್ಕೆ, ಓಮದ ನೀರಿಗೆ ಅವಳು ಈಗಲೂ ಕೂಪನ್ ಎಲೆ ಕೂಡಿಡುತ್ತಿದ್ದಳು. ನೋವು ಎಂದು ಬಂದವರಿಗೆ ಮಾತ್ರ ಆ ಎಲೆಯನ್ನು ತೋರಿಸುತ್ತಿರಲಿಲ್ಲ.

ಅವರು ಮಳೆಯಲ್ಲಿ ಓಡಿದ್ದನ್ನು ಗೌರಕ್ಕ ತನ್ನ ಕೊಂಬೆಯಿಂದ ಕಂಡಿದ್ದಳು. ಸಾಕವ್ವ ತೊಯ್ದು ಮುದ್ದೆಯಾಗಿ ಹಿಂತಿರುಗಿದಾಗ, "ಮರಿ ಹೇಗಿದೆ?" ಎಂದು ಕೇಳಿದಳು.

"ಔಷಧ ಕುಡಿಸಿ ಬಂದೆ, ಗೌರಕ್ಕ. ಜ್ವರ ಇಳಿಯುತ್ತಿದೆ."

"ಒಳ್ಳೆಯದಾಯಿತು" ಎಂದಳು ಗೌರಕ್ಕ. ಇನ್ನೇನೋ ಹೇಳುವಳೇನೋ ಎಂದು ಸಾಕವ್ವ ಮಳೆಯಲ್ಲೇ ಕಾದು ನಿಂತಳು. ಗೌರಕ್ಕ ಮೆಲ್ಲಗೆ ಮುಖವನ್ನು ಗೂಡಿನ ಕಡೆಗೆ ತಿರುಗಿಸಿದಳು. ಈಗ ಸಾಕವ್ವನಿಗೆ ಕಾಣುತ್ತಿದ್ದದ್ದು ಅವಳ ಎಡಗಣ್ಣು ಮಾತ್ರ.

ನೀತಿ: ನಾಲ್ಕು ಕಾಸು ಉಳಿಸುವುದು ಒಳ್ಳೆಯ ಗುಣವೇ, ಆದರೆ ಇನ್ನೊಬ್ಬರ ನೋವನ್ನು ಕಾಯಿಸಿ ಉಳಿಸಿದ್ದು ಉಳಿತಾಯವಲ್ಲ, ಅದರಿಂದ ಆದ ನಷ್ಟವನ್ನು ಆಮೇಲೆ ಯಾವ ಬೆಲೆ ಕೊಟ್ಟರೂ ತುಂಬಿಸಲಾಗದು.